ಬಾನಿಯಲ್ಲಿ ಬೆಳೆದ ತಾವರೆ

ನಾನು ಮದುವೆಯಾಗಿ ರಾಯಚೂರಿಗೆ ಬಂದ ಮೊದಲ ಬೇಸಿಗೆಯಲ್ಲಿ ಅಪ್ಪ ನನ್ನನ್ನು ನೋಡಲು ಗಬ್ಬೂರಿನಿಂದ ಗಾಡಿ ಕಟ್ಟಿಕೊಂಡು ಬಂದ. ಯುದ್ಧದ ಕಾಲ, ಪೆಟ್ರೋಲಿನ ಕೊರತೆಯಿಂದ ಮೋಟಾರುಗಳನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಊರ ಕೆರೆ ಇಳಿದಿತ್ತಂತೆ. ಕೆಸರಿನಿಂದ ತಾವರೆ ಗಡ್ಡೆ ಅಗೆದು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದಿದ್ದ. ಈ ಓಣಿಯಲ್ಲಿ ಕಲ್ಲುಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲವೆಂದು ನಾನು ಹಬ್ಬಕ್ಕೆ ತವರಿಗೆ ಹೋದಾಗ ಅವನೆದುರು ಅತ್ತಿದ್ದೆ.

ಊಟವಾಗಿ ಅಪ್ಪ ಮಲಗಿದ. ನಾನು ಬಾವಿಯಿಂದ ನೀರು ತರುವಷ್ಟರಲ್ಲಿ ಅತ್ತೆ ಗಡ್ಡೆಗಳನ್ನು ತೊಳೆದು, ಹೆಚ್ಚಿ, ಒಗ್ಗರಣೆಗೆ ಹಾಕಿಬಿಟ್ಟಿದ್ದರು.

“ಅತ್ತಿ, ಅವು ನಡಾಕ ತಂದಿದ್ದು!”

“ಬೀಗರು ಪಲ್ಲೆಕ್ಕ ತಂದಾರಂತ ತಿಳಕೊಂಡೆ. ತಿನ್ನೋದನ್ನ ಯಾರರ ನಡತಾರೇನ್ ಬೇ?” ಎಂದರು. ಆದರೆ ಅವರ ಮುಖ ಸಣ್ಣದಾಗಿತ್ತು. ಚೀಲ ಕೊಡವಿದಾಗ ಒಂದೇ ಒಂದು ಗಡ್ಡೆ ಉದುರಿತು.

ಎದ್ದ ಮೇಲೆ ಅಪ್ಪ ಪಲ್ಯ ನೋಡಿ ನಕ್ಕ. “ಇದೊಂದ ಸಾಕು ಬಿಡವ್ವಾ. ಎರಿಮಣ್ಣಾಗ ಅಡ್ಡ ಮಲಗಿಸು. ಮೊಳಕಿ ಮುರೀಬ್ಯಾಡ, ಮ್ಯಾಲಿರ್ಲಿ.”

ಪಕ್ಕದ ಮನೆಯ ಮುಸ್ಲಿಂ ಹೆಂಗಸಿನ ಗಂಡ ಬಜಾರಿನಲ್ಲಿ ಬಣ್ಣ ಮಾರುತ್ತಿದ್ದ. ಬಣ್ಣ ಕಲಸುವ ಒಂದು ಅಗಲ ಮಣ್ಣಿನ ಬಾನಿಯನ್ನು ಆಕೆ ಕೊಟ್ಟಳು. ಅಂಚು ಒಡೆದಿತ್ತು, ನೀರು ಸೋರುತ್ತಿರಲಿಲ್ಲ. ಅದರಲ್ಲಿ ಎರೆಮಣ್ಣು ತುಂಬಿ ಗಡ್ಡೆ ನೆಟ್ಟು, ಮೇಲೆ ಒಂದು ಗೇಣು ನೀರು ನಿಲ್ಲಿಸಿದೆ. ಕೆಲವು ದಿನಗಳಲ್ಲಿ ರೂಪಾಯಿಯಗಲದ ಎಲೆಗಳು ನೀರಿನ ಮೇಲೆ ಬಿಚ್ಚಿಕೊಂಡವು.

ಆಮೇಲೆ ಬಾವಿ ತಳ ಕಂಡಿತು. “ಕುಡಿಯಾಕ ನೀರಿಲ್ಲ, ಹೂವಿಗೆ ಎಲ್ಲಿಂದ ತರ್ತಿ?” ಎಂದರು ಅತ್ತೆ. ನಾನು ಅಕ್ಕಿ ತೊಳೆದ ನೀರು ಸುರಿಯತೊಡಗಿದೆ. ಬಾನಿ ನಾರಿತು, ಎಲೆ ಹಳದಿಯಾಯಿತು. ಒಂದು ಮುಂಜಾನೆ ನೋಡಿದರೆ ಅತ್ತೆ ಹೊಲಸು ನೀರನ್ನೆಲ್ಲ ತೆಗೆದು, ತಮ್ಮ ಜಳಕಕ್ಕೆಂದು ಇಟ್ಟ ನೀರನ್ನು ಬಾನಿಗೆ ಹಾಕುತ್ತಿದ್ದರು.

“ಇವತ್ತ ನನಗ ಜಳಕ ಬ್ಯಾಡ. ಅಷ್ಟೂ ಗಡ್ಡಿ ತಿಂದು ಕುಂತೀನಿ, ಒಂದಕ್ಕರ ನೀರ ಹಾಕಬೇಕಲ್ಲ.”

ಮಳೆ ಬಿದ್ದ ಮೇಲೆ ಎಲೆಗಳು ನೀರು ಬಿಟ್ಟು ಎದ್ದು ನಿಂತವು. ನಡುವೆ ಮೊಗ್ಗು ಬಂತು, ಒಂದು ಬೆಳಿಗ್ಗೆ ಅರಳಿತು. ಅತ್ತೆ ಹುಟ್ಟಿದ್ದೂ ರಾಯಚೂರಿನಲ್ಲೇ, ಕೊಟ್ಟಿದ್ದೂ ಅಲ್ಲೇ. ಬಾಗಿಲ ಮುಂದೆ ದಿನಾ ತಾವರೆಯ ರಂಗೋಲಿ ಹಾಕುತ್ತಿದ್ದರೂ ನೀರಿನಲ್ಲಿ ನಿಂತ ತಾವರೆಯನ್ನು ನೋಡಿರಲಿಲ್ಲ.

“ಇಷ್ಟ್ ದಳ ಇರ್ತಾವೇನ್ ಬೇ? ನಾ ಎಂಟ ಬರಕೋತ ಬಂದೀನಲ್ಲ!” ಎಂದು ಬಾನಿಯ ಪಕ್ಕದಲ್ಲೇ ಕುಳಿತುಬಿಟ್ಟರು.

“ದೇವರಿಗೆ ಕೀಳಲೇನ್ರಿ ಅತ್ತಿ?” ಎಂದು ಮನಸ್ಸಿಲ್ಲದೆ ಕೇಳಿದೆ.

“ಇರ್ಲಿ ಬಿಡು, ನೋಡಾಕತ್ತೀನಿ.”

ನನಗೆ ಅಂದು ಆ ಮನೆ ಮೊದಲ ಸಲ ನನ್ನದೆನಿಸಿತು.

ಮರುವರ್ಷದ ಹೊತ್ತಿಗೆ ಗಡ್ಡೆ ಬಾನಿಯೊಳಗೆಲ್ಲ ಹಬ್ಬಿತ್ತು. ಬಿಡಿಸಿ, ಒಂದು ತುಂಡನ್ನು ಪಕ್ಕದ ಮನೆಗೂ ಕೊಟ್ಟೆವು. ಅಲ್ಲಿ ನಮಗಿಂತ ಮೊದಲೇ ಹೂ ಬಂತು. ಅತ್ತೆ ಹೋಗಿ ನೋಡಿ, ಚಂದ ಅದ ಎಂದು ಹೇಳಿ ಬಂದರು. ಆ ಇಡೀ ವಾರ ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.