ಗುಹೆಯ ಇಳಿಜಾರಿನಲ್ಲಿ ಆರಿಸಿದ ದೀಪ

೨೦೨೩ರ ವಸಂತಕಾಲದಲ್ಲಿ ನಾನು ಡಬ್ಲಿನ್‌ನ ಸ್ಯಾಂಡಿಫರ್ಡ್‌ನಲ್ಲಿದ್ದ ಒಂದು ಸಣ್ಣ ಕಂಪನಿಯಲ್ಲಿ ಕಂಟ್ರೋಲ್ಸ್ ಇಂಜಿನಿಯರ್ ಆಗಿದ್ದೆ. ಲಿಫ್ಟ್, ರೋಪ್‌ವೇ ಮೊದಲಾದ ಯಂತ್ರಗಳ ನಿಯಂತ್ರಣ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸುವುದು ನಮ್ಮ ಕೆಲಸ. ಅದು ನನ್ನ ಪ್ರೊಬೇಷನ್ ಅವಧಿ. ಅಪ್ಪ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು; ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಮೀಟಿಂಗ್‌ನಲ್ಲಿ ಮಾತನಾಡಬೇಕಾದಾಗ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಿದ್ದೆ. ಅದು ಸರಿಯಾಗುವಷ್ಟರಲ್ಲಿ ಮೀಟಿಂಗ್ ಬೇರೆ ವಿಷಯಕ್ಕೆ ಹೋಗಿರುತ್ತಿತ್ತು.

ನನ್ನ ಮೇಲಧಿಕಾರಿ ರಘುನಂದನ್ ಮೈಸೂರಿನವರು, ಐರ್ಲೆಂಡಿನಲ್ಲಿ ಬಹಳ ವರ್ಷಗಳಿಂದ ನೆಲೆಸಿದವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ‘ರಘು’ ಎನ್ನುತ್ತಿದ್ದರು. ‘ಸರ್’ ಎನ್ನುತ್ತಿದ್ದವಳು ನಾನೊಬ್ಬಳೇ. ನನ್ನ ಪ್ರೊಬೇಷನ್ ವರದಿ ಬರೆಯಬೇಕಾದವರೂ ಅವರೇ.

ಆ ವಸಂತದಲ್ಲಿ ನಮಗೆ ದೊರೆತ ಕೆಲಸ ಪ್ರವಾಸಿಗರಿಗಾಗಿ ತೆರೆದಿದ್ದ ಒಂದು ಸುಣ್ಣಕಲ್ಲಿನ ಗುಹೆಯದು. ವಾಟರ್‌ಫರ್ಡ್ ದಾಟಿ ಪಶ್ಚಿಮಕ್ಕೆ ಹೋದರೆ ಸಿಗುವ ಆ ಗುಹೆಯ ಹೆಸರು ಇಲ್ಲಿ ಅನಗತ್ಯ. ಗುಹೆಯ ತಳಕ್ಕೆ ಜನರನ್ನು ಇಳಿಸಲು ಫ್ಯೂನಿಕ್ಯುಲರ್ ರೈಲು ಇತ್ತು. ಎಂದರೆ, ಕಡಿದಾದ ಇಳಿಜಾರಿನ ಹಳಿಗಳ ಮೇಲೆ ಉಕ್ಕಿನ ಹಗ್ಗಕ್ಕೆ ಕಟ್ಟಿದ ಒಂದು ಬೋಗಿ. ಹಗ್ಗವನ್ನು ಸುತ್ತುವ ವಿಂಚ್ ಯಂತ್ರ ಮೇಲಿನ ಕೊಠಡಿಯಲ್ಲಿರುತ್ತದೆ. ಅದರ ಹಳೆಯ ಕಂಟ್ರೋಲ್ ಪ್ಯಾನೆಲ್ ತೆಗೆದು ಹೊಸದನ್ನು ಕೂರಿಸುವ ಹೊಣೆ ನನ್ನದಾಗಿತ್ತು.

ಪ್ರೋಗ್ರಾಂ ಬರೆಯುವಾಗ ನಾನು ಒಂದು ಇಂಟರ್‌ಲಾಕ್ ಸೇರಿಸಿದೆ. ಇಂಟರ್‌ಲಾಕ್ ಎಂದರೆ, ನಿಗದಿತ ಷರತ್ತು ತಪ್ಪಿದ ಕೂಡಲೇ ಯಂತ್ರ ತಾನಾಗಿ ನಿಲ್ಲುವ ಏರ್ಪಾಡು. ನನ್ನ ಷರತ್ತು ಸರಳವಾಗಿತ್ತು: ಇಳಿಜಾರಿನ ದೀಪಗಳು ಆರಿದರೆ ಬೋಗಿ ನಿಲ್ಲಬೇಕು. ಮೇಲಿನ ಕೊಠಡಿಯಲ್ಲಿರುವವರು ಬೋಗಿಯನ್ನು ಕ್ಯಾಮೆರಾದಲ್ಲಷ್ಟೇ ನೋಡಬಲ್ಲರು. ಬೆಳಕಿಲ್ಲದಿದ್ದರೆ ಅವರು ಕಣ್ಣು ಕಟ್ಟಿಕೊಂಡು ಜನರನ್ನು ಇಳಿಸಿದಂತೆಯೇ. ಜನರ ತೂಕಕ್ಕೆ ಬದಲಾಗಿ ನೀರಿನ ಕ್ಯಾನುಗಳನ್ನು ಬೋಗಿಯಲ್ಲಿ ತುಂಬಿ ಪರೀಕ್ಷೆ ಮಾಡಿದೆವು. ಎಲ್ಲವೂ ಸರಿಯಾಗಿತ್ತು.

ಶನಿವಾರ ಗುಹೆ ಸಾರ್ವಜನಿಕರಿಗೆ ಮತ್ತೆ ತೆರೆಯಬೇಕಿತ್ತು. ಗುರುವಾರ ಬೆಳಿಗ್ಗೆ, ಮೊದಲ ಬಾರಿಗೆ, ಕ್ಯಾನುಗಳ ಬದಲು ಮನುಷ್ಯರು ಕುಳಿತರು. ಗುಹೆಯ ಹಿರಿಯ ಗೈಡ್ ನೊರೀನ್, ಅವರ ಕೈಕೆಳಗಿನ ಗೈಡ್‌ಗಳು, ರಘುನಂದನ್ ಸರ್ ಮತ್ತು ಶಾಲೆಗೆ ರಜೆಯಿದ್ದ ಅವರ ಮಗಳು ಅನನ್ಯ. ನಾನು ಮೇಲೆ ಪ್ಯಾನೆಲ್ ಮುಂದೆ ನಿಂತಿದ್ದೆ.

ಬೋಗಿ ಅರ್ಧ ದಾರಿ ಇಳಿದಿರಬೇಕು. ಕ್ಯಾಮೆರಾದ ಪರದೆ ಕಪ್ಪಾಯಿತು, ಕೆಂಪು ದೀಪ ಹೊತ್ತಿತು, ಬ್ರೇಕ್ ಕಚ್ಚಿದ ಸದ್ದು ನೆಲದ ಗುಂಟ ನನ್ನ ಕಾಲಿನವರೆಗೂ ಬಂತು. ಕೆಲ ಕ್ಷಣಗಳಲ್ಲಿ ಪರದೆಗೆ ಬೆಳಕು ಮರಳಿತು. ಆದರೆ ಒಮ್ಮೆ ನಿಂತ ಬೋಗಿ ಮೇಲಿನಿಂದ ರೀಸೆಟ್ ಮಾಡದೆ ಚಲಿಸುವಂತಿರಲಿಲ್ಲ.

ವಾಕಿಟಾಕಿಯಲ್ಲಿ ಮೊದಲು ಕೇಳಿಸಿದ್ದು ಮಗುವಿನ ಧ್ವನಿ. “ಅಪ್ಪಾ, ಇಸ್ ಇಟ್ ಮೆಂಟ್ ಟು ಡೂ ದ್ಯಾಟ್?” ಇದು ಹೀಗೇ ಆಗಬೇಕಿತ್ತಾ ಎಂದು ಅವಳು ಕೇಳುತ್ತಿದ್ದಳು. ಧ್ವನಿ ನಡುಗುತ್ತಿತ್ತು.

ಬಳಿಕ ರಘುನಂದನ್ ಸರ್ ಮಾತನಾಡಿದರು, ಕನ್ನಡದಲ್ಲಿ, ಬೋಗಿಯಲ್ಲಿದ್ದ ಉಳಿದವರು ಗಾಬರಿಯಾಗದಿರಲಿ ಎಂದು. “ಮಂಜುಳಾ, ಏನೂ ಆಗಿಲ್ಲ. ನೊರೀನೇ ಲೈಟ್ ಆಫ್ ಮಾಡಿದ್ದು. ಬೇಗ ರೀಸೆಟ್ ಮಾಡು.”

“ಸರ್, ಹಗ್ಗ, ಬ್ರೇಕ್ ನೋಡ್ಕೊಂಡು ಬಂದು ಮಾಡ್ತೀನಿ.”

“ಅನನ್ಯ ಅಳ್ತಾ ಇದಾಳೆ ಕಣಮ್ಮ.”

“ನೋಡಿ ಮಾಡ್ತೀನಿ ಸರ್.”

ಟಾರ್ಚ್ ಹಿಡಿದು ವಿಂಚ್ ಡ್ರಮ್ಮಿನ ಸುತ್ತ ಹಗ್ಗ ನೋಡಿದೆ, ಬ್ರೇಕ್ ನೋಡಿದೆ, ಆಮೇಲೆ ರೀಸೆಟ್ ಮಾಡಿದೆ.

ಟೀ ಕೊಠಡಿಯಲ್ಲಿ ಸಂಗತಿ ಸ್ಪಷ್ಟವಾಯಿತು. ಬೋಗಿ ಇಳಿಯುತ್ತಿರುವಾಗ ನಡುದಾರಿಯಲ್ಲಿ ಗೈಡ್ ತನ್ನ ಬಳಿಯ ಸ್ವಿಚ್ಚಿನಿಂದ ದೀಪಗಳನ್ನೆಲ್ಲ ಆರಿಸುವುದು ಆ ಗುಹೆಯ ಹಳೆಯ ವಾಡಿಕೆ. ಸೂರ್ಯನ ಬೆಳಕು ಎಂದೂ ಮುಟ್ಟದ ಕತ್ತಲು ಹೇಗಿರುತ್ತದೆ ಎಂದು ಜನ ಅನುಭವಿಸಲಿ ಎಂಬ ಉದ್ದೇಶ. ನಮಗೆ ಕೊಟ್ಟ ಕಾಗದಗಳಲ್ಲಿ ಇದರ ಪ್ರಸ್ತಾಪವಿರಲಿಲ್ಲ. ಅತಿಥಿಗೆ ಕುರ್ಚಿ ಕೊಡುವುದನ್ನು ಯಾರೂ ಬರೆದಿಡದ ಹಾಗೆ ಅವರೂ ಬರೆದಿರಲಿಲ್ಲ.

“ಜನ ಬರೋದೇ ಆ ಕತ್ತಲಿಗೆ,” ಎಂದರು ನೊರೀನ್. “ಕಲ್ಲು ನಿಮ್ಮೂರಲ್ಲೂ ಇರುತ್ತೆ, ಮಂಜು. ಹಳೇ ಡಬ್ಬಾ ಪ್ಯಾನೆಲ್ ಇದ್ದಾಗ ಗ್ರ್ಯಾಂಡ್ ಆಗಿತ್ತಪ್ಪ, ಏನೂ ತೊಂದ್ರೆ ಇರಲಿಲ್ಲ. ನಿನ್ನ ಹೊಸ ಪ್ಯಾನೆಲ್‌ಗೆ ಕತ್ತಲು ಕಂಡ್ರೆ ಭಯವಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಹೊರಹೋದ ಮೇಲೆ ರಘುನಂದನ್ ಸರ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

“ಆ ಷರತ್ತನ್ನ ಯಾವ ಸೇಫ್ಟಿ ಸ್ಟ್ಯಾಂಡರ್ಡೂ ಕೇಳಿಲ್ಲ. ನೀನೇ ಸೇರಿಸಿದ್ದು. ತೆಗೆದು ಸೈನ್ ಮಾಡು, ಶನಿವಾರ ಓಪನ್ ಮಾಡ್ಕೊಳ್ಳಲಿ. ಆ ಗೈಡ್‌ಗಳಿಗೆಲ್ಲ ಅವತ್ತಿಂದಾನೇ ಕೆಲಸ.”

ಪ್ರೋಗ್ರಾಂ ಬರೆದವರೇ ಸುರಕ್ಷತಾ ಪತ್ರಕ್ಕೆ ಸಹಿ ಮಾಡುವುದು ನಮ್ಮ ಕಂಪನಿಯ ಪದ್ಧತಿ. ಹಿರಿಯರು ಹೇಳಿದ್ದಕ್ಕೆ ‘ಆಯ್ತು’ ಎನ್ನುವುದು ನಾನು ಬೆಳೆದ ಪದ್ಧತಿ. ನನ್ನ ಪ್ರೊಬೇಷನ್, ಅದರ ಹಿಂದೆಯೇ ವರ್ಕ್ ಪರ್ಮಿಟ್, ಎರಡೂ ಎದುರಿಗೆ ಕುಳಿತವರ ಒಂದು ಮಾತಿನ ಮೇಲೆ ನಿಂತಿದ್ದವು. ಆ ದಿನ ವಾಕ್ಯ ತಿದ್ದಿಕೊಳ್ಳಲು ಸಮಯ ಸಾಲಲಿಲ್ಲ.

“ಸರ್, ತೆಗೆದ್ರೆ ನಾನು ಸೈನ್ ಮಾಡಕ್ಕಾಗಲ್ಲ.”

“ಯಾಕೆ?”

“ನಮ್ಮಮ್ಮ ದೇವರ ದೀಪಾನ ಬಾಯಿಂದ ಊದಿ ಆರಿಸಲ್ಲ ಸರ್. ಹೂವಿಂದ ಮುಟ್ಟಿ ಶಾಂತ ಮಾಡ್ತಾರೆ. ಆದ್ರೆ ದೀಪ ತಾನಾಗೇ ಆರಿದ್ರೆ, ಕೈಯಲ್ಲಿರೋ ಕೆಲಸ ಬಿಟ್ಟು ಎದ್ದು ನೋಡ್ತಾರೆ, ಎಣ್ಣೆ ಮುಗೀತಾ, ಕಿಟಕಿ ತೆಗೆದಿದ್ಯಾ ಅಂತ. ನಾವು ಆರಿಸಿದ್ದು ಬೇರೆ, ಆರಿಹೋಗಿದ್ದು ಬೇರೆ. ಹಳೇ ಪ್ಯಾನೆಲ್‌ಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ. ನಂದಕ್ಕೂ ಗೊತ್ತಿಲ್ಲ.”

ಅವರು ಟೀ ಕಪ್ಪನ್ನು ಪಕ್ಕಕ್ಕೆ ಸರಿಸಿದರು. “ನಮ್ಮ ಮನೇಲೂ ಹೂವಿಂದಾನೇ,” ಎಂದರು. ಆಮೇಲೆ, “ಅನನ್ಯ ಕೇಳಿದಾಗ ನಂಗೂ ಗೊತ್ತಿರಲಿಲ್ಲ. ಹಗ್ಗಾನೇ ಹೋಯ್ತೇನೋ ಅನ್ಕೊಂಡೆ. ಸರಿ, ನಾಳೆ ಸಂಜೆವರೆಗೂ ಟೈಮಿದೆ. ಏನ್ ಮಾಡ್ತೀಯ?”

ನಾನು ಮಾಡಿದ್ದು ಇಷ್ಟು. ನಡುದಾರಿಯಲ್ಲಿ ಬೋಗಿ ತಾನಾಗಿ ನಿಲ್ಲುತ್ತದೆ. ಬ್ರೇಕ್ ಕಚ್ಚಿರುವುದು ಖಚಿತವಾದ ಮೇಲಷ್ಟೇ ಗೈಡ್‌ನ ಸ್ವಿಚ್ಚಿಗೆ ಜೀವ ಬರುತ್ತದೆ. ಆಕೆ ದೀಪ ಆರಿಸಬಹುದು. ದೀಪ ಮತ್ತೆ ಹೊತ್ತುವವರೆಗೆ ಬೋಗಿ ಕದಲದು. ಆ ಸ್ವಿಚ್ ಒತ್ತದೆ ದೀಪ ಆರಿದರೆ ಮಾತ್ರ ಅದು ಅಪಾಯವೆಂದು ಯಂತ್ರ ತಿಳಿಯುತ್ತದೆ.

ನೊರೀನ್‌ಗೆ ಇದು ರುಚಿಸಲಿಲ್ಲ. “ಚಲಿಸ್ತಾ ಇರುವಾಗ ಕತ್ತಲಾದ್ರೆ ಭೂಮಿ ನುಂಗಿದ ಹಾಗಾಗುತ್ತೆ. ನಿಂತಲ್ಲಿ ಕತ್ತಲಾದ್ರೆ? ನಮ್ಮನೆ ಕಲ್ಲಿದ್ದಲು ಶೆಡ್‌ನಲ್ಲಿ ಕೂತ ಹಾಗೆ!” ಎಂದು ಗೊಣಗುತ್ತಲೇ ಶುಕ್ರವಾರ ಬೋಗಿ ಹತ್ತಿದರು. ರಘುನಂದನ್ ಸರ್ ಪ್ಯಾನೆಲ್ ಬಳಿ ನಿಂತು ನನ್ನನ್ನು ಕೆಳಗೆ ಕಳುಹಿಸಿದರು. ಹಟ ಹಿಡಿದು ಬಂದಿದ್ದ ಅನನ್ಯ ನನ್ನ ಪಕ್ಕದಲ್ಲಿ ಕುಳಿತಳು. ಅಷ್ಟು ದಿನ ಆ ಇಳಿಜಾರನ್ನು ನಾನು ಪರದೆಯಲ್ಲೇ ಕಂಡಿದ್ದೆ. ಒದ್ದೆ ಬಂಡೆಗಳು ಎರಡೂ ಬದಿಯಲ್ಲಿ ಮೇಲಕ್ಕೆ ಸರಿಯುತ್ತಿದ್ದವು, ಗಾಳಿ ತಣ್ಣಗಾಗುತ್ತಿತ್ತು, ಚಕ್ರಗಳ ಗಡಗಡ ಸದ್ದು ಸುರಂಗದ ತುಂಬ ಸುತ್ತುತ್ತಿತ್ತು.

ಬೋಗಿ ಮೆಲ್ಲಗೆ ನಿಂತಿತು. ಬ್ರೇಕ್ ಕಚ್ಚಿದೆ ಎಂದು ತೋರಿಸುವ ಹಸಿರು ದೀಪ ಗೈಡ್‌ನ ಸ್ವಿಚ್ಚಿನ ಬಳಿ ಕಂಡಿತು. ನೊರೀನ್ ಎಲ್ಲರಿಗೂ ಕೇಳುವಂತೆ, “ಈಗ ನಾನು ದೀಪ ಆರಿಸ್ತೀನಿ,” ಎಂದರು.

ಆ ಕತ್ತಲಿನಲ್ಲಿ ಕಣ್ಣು ಮುಚ್ಚಿದ್ದೇನೆಯೋ ತೆರೆದಿದ್ದೇನೆಯೋ ನನಗೇ ತಿಳಿಯಲಿಲ್ಲ. ಚಕ್ರದ ಸದ್ದು ಅಡಗಿದ್ದರಿಂದ ಇನ್ನೊಂದು ಸದ್ದು ಮೇಲೆದ್ದಿತು: ಎಲ್ಲೋ ಎಡಗಡೆ, ಆಳದಲ್ಲಿ, ನೀರು ತೊಟ್ಟಿಕ್ಕುತ್ತಿತ್ತು. ಒಂದು ಹನಿ, ಬಹಳ ಹೊತ್ತಿನ ಮೇಲೆ ಮತ್ತೊಂದು. ಅನನ್ಯ ನನ್ನ ತೋಳು ಹಿಡಿದಿದ್ದಳು. ಆದರೆ ಅವಳು ಏನನ್ನೂ ಕೇಳಲಿಲ್ಲ.

ದೀಪ ಹೊತ್ತಿದಾಗ ನೊರೀನ್ ಎಡಗಡೆಯ ಬಂಡೆಯನ್ನೇ ನೋಡುತ್ತಿದ್ದರು. “ಇಷ್ಟು ವರ್ಷ ಇಲ್ಲಿ ಹತ್ತಿ ಇಳಿದಿದೀನಿ,” ಎಂದರು. “ಅಲ್ಲಿ ನೀರಿದೆ ಅಂತ ನಂಗೆ ಗೊತ್ತೇ ಇರಲಿಲ್ಲ.”

ಅಂದು ಸಂಜೆ ನಾನು ಸಹಿ ಮಾಡಿದೆ. ಗುಹೆ ಶನಿವಾರವೇ ತೆರೆಯಿತು. ನನ್ನ ಪ್ರೊಬೇಷನ್ ವರದಿಯಲ್ಲಿ ರಘುನಂದನ್ ಸರ್, ಇವಳು ಇನ್ನಷ್ಟು ಮಾತನಾಡಬೇಕು ಎಂದು ಬರೆದು ನನ್ನನ್ನು ಖಾಯಂಗೊಳಿಸಿದರು. ಅವರನ್ನು ನಾನು ಇಂದಿಗೂ ಸರ್ ಎಂದೇ ಕರೆಯುತ್ತೇನೆ.

ಹೊಸ ಸೈಟಿಗೆ ಹೋದಾಗ ಈಗ ನಾನು ಡ್ರಾಯಿಂಗ್ ಬಿಚ್ಚುವ ಮೊದಲು ಒಬ್ಬ ಪ್ರಯಾಣಿಕಳಾಗಿ ಕುಳಿತು ಒಂದು ಸುತ್ತು ಹೋಗಿಬರುತ್ತೇನೆ. ಕೆಳಗಿಳಿದ ಮೇಲೆ ಅಲ್ಲಿನವರನ್ನು ಕೇಳುತ್ತೇನೆ: ಇಲ್ಲಿ ನೀವು ಬೇಕೆಂದೇ ಆರಿಸುವ ದೀಪ ಯಾವುದು? ಹಲವರು ವಿಚಿತ್ರವಾಗಿ ನೋಡುತ್ತಾರೆ. ಉತ್ತರ ಬರುವವರೆಗೆ ನಾನು ಕಾಯುತ್ತೇನೆ.