ಒಂದೇ ದರಕ್ಕೆ ಹೆಚ್ಚು ಗಜ

ಹದಿನೆಂಟು ಕುಳಿಗಳ ಒಂದು ಗಾಲ್ಫ್ ಆಟಕ್ಕೆ ಒಂದೂವರೆ ಸಾವಿರ ರೂಪಾಯಿ. ಕಳೆದುಹೋಗುವ ಚೆಂಡುಗಳ ಖರ್ಚು ಬೇರೆ. ವಾರದ ದಿನ ಬಂದರೆ ಕಡಿಮೆ ಮಾಡುತ್ತೀರಾ ಎಂದು ಕ್ಲಬ್ಬಿನವರನ್ನು ಕೇಳಿದ್ದೆ, ಒಪ್ಪಿದರು ಕೂಡ. ಆದರೆ ನನ್ನ ಜೊತೆಗಾರರಿಗೆ ಬಿಡುವು ಭಾನುವಾರ ಮಾತ್ರ. ಹಾಗಾಗಿ ಪೂರ್ತಿ ದರವನ್ನೇ ಕೊಡುತ್ತಿದ್ದೆ. ನಿಜ ಹೇಳಬೇಕೆಂದರೆ ಆ ದುಡ್ಡು ಕೊಡುತ್ತಿದ್ದದ್ದು ಒಂದು ಬೆಳಗು ಕನ್ನಡ ಮಾತಾಡಲಿಕ್ಕೆ.

ಬೀದರಿನಿಂದ ನಾಸಿಕಿಗೆ ಬಂದು, ದ್ರಾಕ್ಷಿ ತೋಟಗಳಿಗೆ ಹನಿ ನೀರಾವರಿಯ ಪೈಪ್ ಮಾರಿ ಬದುಕು ಕಟ್ಟಿಕೊಂಡವನು ನಾನು. ಅಂಗಡಿಯಲ್ಲಿ ಮರಾಠಿ. ಮನೆಯಲ್ಲಿ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಹೆಂಡತಿಯೊಂದಿಗಿನ ಕನ್ನಡ ಕಿರಾಣಿ, ಶಾಲೆ ಫೀಸುಗಳಲ್ಲೇ ಮುಗಿದುಹೋಗುತ್ತದೆ. ಈ ಜೊತೆಗಾರರು ಕಲಬುರಗಿಯವರು, ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರ್. ನನಗೆ ಗಾಲ್ಫ್ ಹಿಡಿಸಿದವರೂ ಅವರೇ.

ಪ್ರತಿ ಕುಳಿಗೂ ಮೊದಲ ಹೊಡೆತ ಹೊಡೆಯಲು ಮೂರು ಜಾಗಗಳಿರುತ್ತವೆ. ತೀರ ಹಿಂದೆ ಕಪ್ಪು ಗುರುತು, ನಡುವೆ ಬಿಳಿ, ಮುಂದೆ ಕೆಂಪು. ಎಲ್ಲಿಂದ ಹೊಡೆದರೂ ಶುಲ್ಕ ಒಂದೇ. ಪೈಪ್ ಮಾರುವವನಿಗೆ ಒಂದೇ ದರಕ್ಕೆ ಹೆಚ್ಚು ಉದ್ದ ಸಿಕ್ಕರೆ ಬಿಡಲು ಮನಸ್ಸು ಬಂದೀತೆ? ನಾನು ಸೀದಾ ಕಪ್ಪಿಗೆ ಹೋಗಿ ನಿಂತೆ. ಅವರು ಕೆಂಪಿನಿಂದ ಆಡುತ್ತಿದ್ದರು.

"ಸಾವ್ಕಾರ್ರ, ಇದು ಪೈಪ ಅಲ್ರಿ. ಮುಂದ ಬರ್ರಿ."

"ಪೂರಾ ರೊಕ್ಕ ಕೊಟ್ಟು ಅರ್ಧ ಮಾಲ್ ಯಾಕ ತಗೋಬೇಕ್ರಿ ಸಾಹೇಬ್ರ?"

"ಹಂಗಾರ ಚೆಂಡ ಹುಡುಕ್ಕೋತ ಅಡ್ಡಾಡ್ರಿ. ನಾ ಗಿಡದ ನೆಳ್ಳಾಗ ಕುಂತಿರ್ತೀನಿ."

ಹಾಗೇ ಆಯಿತು. ದೂರ ಸಾಲದೆಂದು ಜೋರಾಗಿ ಬೀಸುತ್ತಿದ್ದೆ, ಚೆಂಡು ಬಲಕ್ಕೆ ತಿರುಗಿ ಮುಳ್ಳುಕಂಟಿಗೆ ಬೀಳುತ್ತಿತ್ತು. ನಾನು ಕಂಟಿಯಲ್ಲಿ, ಅವರು ಇನ್ನೂರು ಗಜ ಮುಂದೆ. ಕುಳಿಯ ಹತ್ತಿರ ಕೂಡಿದಾಗ, ತಮ್ಮ ತಾಯಿ ನಸುಕಿನಲ್ಲಿ ಸಜ್ಜೆರೊಟ್ಟಿ ಬಡಿಯುತ್ತಿದ್ದ ಸದ್ದಿನ ಬಗ್ಗೆ ಅವರು ಹೇಳಲು ಶುರುಮಾಡುತ್ತಿದ್ದರು. ಅಷ್ಟರಲ್ಲಿ ನನ್ನ ಸರದಿ ಬರುತ್ತಿತ್ತು, ಮಾತು ಅಲ್ಲೇ ನಿಲ್ಲುತ್ತಿತ್ತು. ಒಂಬತ್ತನೇ ಕುಳಿ ಮುಟ್ಟುವಷ್ಟರಲ್ಲಿ ಬಿಸಿಲೇರಿ, ಉಳಿದರ್ಧ ಆಟ ಬಿಟ್ಟು ಮನೆಗೆ ಹೊರಡುತ್ತಿದ್ದೆವು.

ಆಮೇಲೆ ಅವರಿಗೆ ಸಂಭಾಜಿನಗರಕ್ಕೆ ವರ್ಗವಾಯಿತು. ನಾಸಿಕಿನಿಂದ ನಾಲ್ಕು ತಾಸಿನ ದಾರಿ. ಒಂದು ಭಾನುವಾರ ಕಾರು ತೆಗೆದುಕೊಂಡು ಅಲ್ಲಿಗೇ ಹೋದೆ. ಊರಾಚೆಯ ಮೈದಾನದಲ್ಲಿ, ಆಟಕ್ಕೆ ಮೊದಲೇ ಅವರು ಕೇಳಿದರು: "ನಿಮ್ಮ ಐದನೇ ನಂಬರಿನ ಐರನ್ ಕೋಲಿಂದ ಚೆಂಡ ಎಷ್ಟ ದೂರ ಹೋಗ್ತದ್ರಿ? ಖರೇ ಹೇಳ್ರಿ, ಗಿರಾಕಿಗೆ ಹೇಳಿದಂಗ ಬ್ಯಾಡ."

"ನೂರಾ ಮೂವತ್ತು ಗಜ."

"ಹಂಗಾದ್ರ ನಿಮ್ಮ ಜಾಗಾ ಕೆಂಪು. ಬರ್ರಿ."

ಅಷ್ಟು ದೂರ ಹೋದದ್ದು ಜಗಳಕ್ಕಲ್ಲವಲ್ಲ, ಮುಂದೆ ಹೋದೆ. ಮೆಲ್ಲಗೆ ಬೀಸಿದರೂ ಚೆಂಡು ನೇರವಾಗಿ ಹೋಗಿ ಹುಲ್ಲಿನ ನಡುವೆಯೇ ಬಿತ್ತು. ಇಬ್ಬರೂ ಪಕ್ಕಪಕ್ಕದಲ್ಲಿ ನಡೆದೆವು. ರೊಟ್ಟಿ ಬಡಿಯುವ ಮಾತು ಅಂದು ಪೂರ್ತಿಯಾಯಿತು. ಅವರ ತಾಯಿ ಒಂದು ಕೈಯಲ್ಲಿ ಬಡಿಯುತ್ತಾ ಇನ್ನೊಂದು ಕೈಯಲ್ಲಿ ಇವರನ್ನು ಎಬ್ಬಿಸುತ್ತಿದ್ದರಂತೆ. ನಾನೂ ನನ್ನ ಅವ್ವನ ಮಾತು ತೆಗೆದೆ. ಎಷ್ಟೋ ವರ್ಷ ಬಾಯಿಗೆ ಬಾರದ ಶಬ್ದಗಳು ಬಂದವು.

ಕೊನೆಯ ಕುಳಿಯ ಹತ್ತಿರ ಅವರು ಹೇಳಿದರು: "ಕಲಬುರಗಿಗೆ ಆರ್ಡರ್ ಬಂದದರಿ. ಮುಂದಿನ ತಿಂಗಳ ಹೊಂಟೀನಿ."

"ನಾಸಿಕಿನಾಗ ಎರಡು ವರ್ಷ ಕೂಡೇ ಇದ್ವಲ್ರಿ, ಸಾಹೇಬ್ರ."

"ನಾ ಇದ್ದೆರಿ. ನೀವು ಕಂಟ್ಯಾಗ ಇದ್ರಿ."

ಇಬ್ಬರೂ ನಕ್ಕೆವು. ವಾಪಸು ಬರುವಾಗ ಮನ್ಮಾಡ್ ದಾಟುವವರೆಗೂ ನಾನು ರೇಡಿಯೋ ಹಚ್ಚಲಿಲ್ಲ.

ಈಗ ನಾಸಿಕಿನಲ್ಲಿ ಕೆಂಪಿನಿಂದಲೇ ಆಡುತ್ತೇನೆ. ಚೆಂಡು ಕಳೆಯುವುದಿಲ್ಲ, ಆಟ ಬಿಸಿಲಿಗೆ ಮೊದಲೇ ಮುಗಿಯುತ್ತದೆ. ಒಳ್ಳೆಯ ಹೊಡೆತ ಬಿದ್ದಾಗ "ನೋಡಿದ್ರೇನ್ರಿ" ಎಂದು ಬಾಯಿಗೆ ಬರುತ್ತದೆ. ಪಕ್ಕದಲ್ಲಿರುವವರು ಏನಾಯಿತೆಂದು ಮರಾಠಿಯಲ್ಲಿ ಕೇಳುತ್ತಾರೆ, "ಕಾಯ್ ಝಾಲಂ?"

ನೀವು ಹೊಸದಾಗಿ ಆಡುವವರಾದರೆ ಕೇಳಿ. ಐದನೇ ಐರನ್‌ನಿಂದ ಹತ್ತು ಚೆಂಡು ಹೊಡೆಯಿರಿ. ಅತಿ ದೂರ ಹೋದದ್ದನ್ನು ಬಿಟ್ಟು ಸಾಮಾನ್ಯವಾಗಿ ಹೋಗುವ ದೂರವನ್ನು ಹಿಡಿಯಿರಿ, ಮೂವತ್ತಾರರಿಂದ ಗುಣಿಸಿ. ನೂರೈವತ್ತು ಗಜವಾದರೆ ಐದು ಸಾವಿರದ ನಾನೂರು. ಹದಿನೆಂಟು ಕುಳಿಗಳ ಒಟ್ಟು ಉದ್ದ ಯಾವ ಗುರುತಿನಿಂದ ಸುಮಾರು ಅಷ್ಟಾಗುತ್ತದೋ ಅಲ್ಲಿಂದ ಆಡಿ. ಸಂಶಯವಿದ್ದರೆ ಒಂದು ಗುರುತು ಮುಂದೆ ಬನ್ನಿ. ಇನ್ನು ಜೊತೆಗಾರರು ವರ್ಗದ ನೌಕರಿಯವರಾಗಿದ್ದರೆ ಗುಣಾಕಾರವೂ ಬೇಡ. ಅವರು ಎಲ್ಲಿಂದ ಹೊಡೆಯುತ್ತಾರೋ ಅಲ್ಲಿಂದಲೇ ಹೊಡೆಯಿರಿ.