ಕೂರೋರಿಲ್ಲದ ರೇಸು

ಚೆಟ್ಟಳ್ಳಿಯಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದ ಎಸ್ಟೇಟಿಗೆ ಕಾಫಿ ಕೊಯ್ಯುವವರನ್ನು ಕರೆತರುತ್ತಿದ್ದ ಜೀಪಿಗೆ ಒಬ್ಬ ಹಿರಿಯ ಡ್ರೈವರ್ ಇದ್ದರು. ಬೇಗ ಓಡಿಸಿ ಎಂದರೆ "ಹಿಂದೆ ಜನ ಇದ್ದಾರೆ" ಎಂದಷ್ಟೇ ಹೇಳಿ, ತಲೆಯ ಮೇಲಿನ ಕನ್ನಡಿಯನ್ನು ಬೆರಳಿನಿಂದ ತುಸು ಸರಿಸುತ್ತಿದ್ದರು.

ನನಗೋ ಮೊಬೈಲಿನ ರೇಸಿಂಗ್ ಗೇಮಿನ ಹುಚ್ಚು. ಅದಕ್ಕೆ ಹೊಸದಾಗಿ ಏನೇನು ಸೇರಿಸಬೇಕೆಂದು ತಯಾರಕರು ಆಟಗಾರರನ್ನು ಕೇಳಿದ್ದರು. ಕೆಸರು, ಮಂಜು, ನಮ್ಮ ಚೆಟ್ಟಳ್ಳಿಯ ತಿರುವುಗಳದೇ ಒಂದು ಟ್ರ್ಯಾಕ್ ಎಂದು ಪಟ್ಟಿ ಬರೆದು, ಒಂದು ಭಾನುವಾರ ಡ್ರೈವರಣ್ಣನಿಗೆ ಓದಿ ಹೇಳಿದೆ.

"ಎಲ್ಲ ಸರಿ ಸಾರ್. ಕೂರೋರು ಎಲ್ಲಿ?"

"ರೇಸಲ್ಲಿ ಯಾರೂ ಕೂರಲ್ಲ ಅಣ್ಣ."

"ಮತ್ತೆ ಅಷ್ಟು ಅರ್ಜೆಂಟಾಗಿ ಯಾರನ್ನ ಬಿಡೋಕೆ ಹೋಗ್ತಾರೆ? ಕೊಡಿ ಇಲ್ಲಿ ಮೊಬೈಲು. ಜನ ಇದ್ದಾರೆ ಅಂತಲೇ ಓಡಿಸ್ತೀನಿ."

ಗೇಮಿನ ಕಾರು ಹೊರಡುವ ಮುಂಚೆ ಅವರ ಬೆರಳು ತಲೆಯ ಮೇಲಕ್ಕೆ ಹೋಯಿತು. ಅಲ್ಲಿ ಕನ್ನಡಿ ಇರಲಿಲ್ಲ. ಪ್ರತಿ ತಿರುವಿನಲ್ಲೂ ಹಾರ್ನ್ ಹುಡುಕಿದರು. ಹಿಂದಿನಿಂದ ಬಂದ ಕಾರುಗಳಿಗೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕೊನೆಯವರಾಗಿ ಗುರಿ ಮುಟ್ಟಿದಾಗ, ಸೋತಿರಿ ಎಂದು ಪರದೆ ಕೆಂಪಾಯಿತು.

ಅವರು ಅದನ್ನು ಗಮನಿಸಲೇ ಇಲ್ಲ. ಮೊಬೈಲನ್ನು ನನ್ನ ಕೈಗಿಟ್ಟು, ಎದೆಯುಬ್ಬಿಸಿ ಕೇಳಿದರು:

"ಹಿಂದೆ ಒಬ್ರಾದ್ರೂ ಕಿರುಚಿದ್ರಾ ಸಾರ್?"